ಹ್ಯಾಮ್ ರೇಡಿಯೋ: ಮಾತಿಗಿಂತ ಮೊದಲು ಆಲಿಸುವಿಕೆ

ಕಳೆದ ಶತಮಾನದ ಅರುವತ್ತು, ಎಪ್ಪತ್ತರ ದಶಕಗಳಲ್ಲಿ ಜಗತ್ತಿನ ಯಾವುದೇ ಮೂಲೆಯ ಹವ್ಯಾಸಿ ರೇಡಿಯೋಗಾರನಿಗೆ ನೇಪಾಳದೊಂದಿಗೆ ಮಾತನಾಡಬೇಕೆಂಬ ಆಸೆ ಹುಟ್ಟಿದರೆ, ಆತ ಅರಸಬೇಕಾಗಿದ್ದುದು ಬಹುಮಟ್ಟಿಗೆ ಒಂದೇ ಧ್ವನಿಯನ್ನು. ಕಠ್ಮಂಡು ಕಣಿವೆಯಿಂದ ಹೊರಡುತ್ತಿದ್ದ ಆ ಧ್ವನಿ ಒಬ್ಬ ಕಥೋಲಿಕ ಧರ್ಮಗುರುವಿನದಾಗಿತ್ತು. ಯೇಸುಸಭೆಯ ಫಾದರ್ ಮಾರ್ಷಲ್ ಮೊರಾನ್ 1906 ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಜನಿಸಿದವರು. ಯೌವನದಲ್ಲಿಯೇ ಭಾರತಕ್ಕೆ ಬಂದು ಪಾಟ್ನಾದಲ್ಲಿ ಶಿಕ್ಷಣ ಸೇವೆ ಸಲ್ಲಿಸಿದ ಅವರು 1951 ರಲ್ಲಿ ನೇಪಾಳದ ಗೋದಾವರಿಯಲ್ಲಿ ಸಂತ ಕ್ಸೇವಿಯರ್ ಶಾಲೆಯನ್ನು ಆರಂಭಿಸಿದರು. ಶಾಲೆಯ ಹೊಣೆಗಾರಿಕೆಗಳ ನಡುವೆ ಅವರು ಬೆಳೆಸಿಕೊಂಡ ಹವ್ಯಾಸವೇ ಹ್ಯಾಮ್ ರೇಡಿಯೋ. ಅವರ ಕರೆಸಂಕೇತ 9ಎನ್1ಎಂಎಂ. ಕೊನೆಯ ಎರಡು ಅಕ್ಷರಗಳನ್ನು ‘ಮಿಕಿ ಮೌಸ್’ ಎಂದು ವಿನೋದವಾಗಿ ಉಚ್ಚರಿಸುತ್ತಿದ್ದ ಈ ಗುರುಗಳನ್ನು ದೇಶವಿದೇಶಗಳ ಹ್ಯಾಮ್‌ಗಳು ಅದೇ ಹೆಸರಿನಿಂದ ನೆನಪಿಟ್ಟುಕೊಂಡಿದ್ದರು. 1992 ರಲ್ಲಿ ನಿಧನರಾಗುವವರೆಗೂ ಆ ಕೀರ್ತಿ ಅವರ ಜೊತೆಗಿತ್ತು.

ಅಪರೂಪದ ದೇಶವೊಂದರಿಂದ ಒಬ್ಬನೇ ಮಾತನಾಡುವಾಗ ಏನಾಗುತ್ತದೆಂಬುದನ್ನು ಹ್ಯಾಮ್‌ಗಳು ಚೆನ್ನಾಗಿ ಬಲ್ಲರು. ಒಮ್ಮೆ ಕರೆ ಕೊಟ್ಟರೆ ಹತ್ತಾರು, ಕೆಲವೊಮ್ಮೆ ನೂರಾರು ಮಂದಿ ಏಕಕಾಲಕ್ಕೆ ಉತ್ತರಿಸುತ್ತಾರೆ. ಬಲಿಷ್ಠ ಧ್ವನಿಗಳು ಕಿವಿಗೆ ಅಪ್ಪಳಿಸುತ್ತವೆ. ಸಣ್ಣ ಯಂತ್ರದಿಂದ ಕರೆಯುವವನ ಧ್ವನಿ ಅಡಿಯಲ್ಲೆಲ್ಲೋ ಹುದುಗಿರುತ್ತದೆ. ಅವುಗಳ ನಡುವೆ ಒಂದೊಂದೇ ಕರೆಸಂಕೇತವನ್ನು ಬಿಡಿಸಿ ತೆಗೆಯಬೇಕಾದರೆ ಯಂತ್ರದ ಶಕ್ತಿಗಿಂತ ಕಿವಿಯ ತಾಳ್ಮೆ ಹೆಚ್ಚು ಮುಖ್ಯ. ಈ ಹವ್ಯಾಸವನ್ನು ಕೈಗೊಳ್ಳಬಯಸುವವರಿಗೆ ಇದುವೇ ಮೊದಲ ಪಾಠ. ನಮ್ಮ ಮನೆಯಲ್ಲಿ ನಾವು ಅದನ್ನು ಸ್ವಲ್ಪ ತಡವಾಗಿ, ಸ್ವಲ್ಪ ಪೇಚಾಟದಿಂದ ಕಲಿತುಕೊಂಡೆವು.

ಪ್ರಶ್ನೆ ಎದ್ದ ಬಗೆ

2025 ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತೆರಳಿದ ಭಾರತದ ಶುಭಾಂಶು ಶುಕ್ಲಾ ಅವರು ಜುಲೈಯಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದವರೊಂದಿಗೆ ಮಾತನಾಡಿದ್ದು ಹ್ಯಾಮ್ ರೇಡಿಯೋ ಮೂಲಕ. ಆ ಸುದ್ದಿಯನ್ನು ಓದಿದ ನನ್ನ ಹದಿಮೂರರ ಮಗಳು, “ಪಪ್ಪಾ, ನಾವೂ ಹಾಗೆ ಮಾತನಾಡಬಹುದಾ?” ಎಂದು ಕೇಳಿದಳು. ಮಾತನಾಡಬಹುದು, ಆದರೆ ಅದಕ್ಕೊಂದು ಕ್ರಮವಿದೆ.

ಹಣದ ಆಸೆಯಿಲ್ಲದೆ, ಸ್ವಂತ ಕಲಿಕೆಗಾಗಿ ಮತ್ತು ಪ್ರಯೋಗಕ್ಕಾಗಿ ರೇಡಿಯೋ ಅಲೆಗಳ ಮೂಲಕ ಪರಸ್ಪರ ಸಂಪರ್ಕಿಸುವ ಸೇವೆಯೇ ಹವ್ಯಾಸಿ ರೇಡಿಯೋ. ಭಾರತದಲ್ಲಿ ಇದಕ್ಕೆ ಕೇಂದ್ರ ಸಂಪರ್ಕ ಸಚಿವಾಲಯದ ಪರವಾನಗಿ ಅಗತ್ಯ. 12 ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಬಹುದು. 2009 ರಲ್ಲಿ ತಿದ್ದುಪಡಿಯಾದ ನಿಯಮಗಳು ನಿರ್ಬಂಧಿತ ದರ್ಜೆ ಮತ್ತು ಸಾಮಾನ್ಯ ದರ್ಜೆ ಎಂಬ ಎರಡು ಹಂತಗಳನ್ನು ಗೊತ್ತುಪಡಿಸಿದವು. ಎರಡಕ್ಕೂ ರೇಡಿಯೋ ವಿಜ್ಞಾನದ ಮೂಲತತ್ವಗಳು ಹಾಗೂ ಸೇವೆಯ ನಿಯಮಗಳ ಕುರಿತಾದ ಪ್ರಶ್ನೆಪತ್ರಿಕೆಯಿದೆ. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳುಹಿಸುವ ಮತ್ತು ಗ್ರಹಿಸುವ ಪರೀಕ್ಷೆ ಹೆಚ್ಚುವರಿಯಾಗಿದೆ. ನಿರ್ಬಂಧಿತ ದರ್ಜೆಯವರ ಕರೆಸಂಕೇತ ‘ವಿಯು3’ ಎಂದೂ, ಸಾಮಾನ್ಯ ದರ್ಜೆಯವರದು ‘ವಿಯು2’ ಎಂದೂ ಆರಂಭವಾಗುತ್ತದೆ. ಪ್ರೌಢಶಾಲೆಯ ವಿಜ್ಞಾನವನ್ನು ಮನಸ್ಸಿಟ್ಟು ಓದಿದ ವಿದ್ಯಾರ್ಥಿಗೆ ಈ ಪರೀಕ್ಷೆ ಎಟುಕದ ವಿಷಯವಲ್ಲ. ವ್ಯಾಪಾರದ ಮಾತು, ಸಂಗೀತದ ಪ್ರಸಾರ, ಗುಪ್ತಭಾಷೆ ಇವುಗಳಿಗೆ ಇಲ್ಲಿ ಅವಕಾಶವಿಲ್ಲ ಎಂಬುದನ್ನು ಮಾತ್ರ ಮೊದಲಿಗೇ ತಿಳಿದಿರಬೇಕು. ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ಕೈಯಂತ್ರವನ್ನು ತಂದು, ಪರವಾನಗಿಯಿಲ್ಲದೆ ಅದರ ಗುಂಡಿಯನ್ನು ಒತ್ತಿ ಮಾತನಾಡುವುದು ಕಾನೂನಿನ ಉಲ್ಲಂಘನೆಯಾಗುತ್ತದೆ. ಮಕ್ಕಳ ಉತ್ಸಾಹಕ್ಕೆ ಮಣಿದು ಹೆತ್ತವರು ಈ ತಪ್ಪಿಗೆ ಎಡೆಗೊಡಬಾರದು.

ಪರೀಕ್ಷೆಯಲ್ಲಿ ತೇರ್ಗಡೆಯಾದ ಮರುದಿನವೇ ಪರವಾನಗಿ ಕೈಸೇರುವುದಿಲ್ಲ. ಅರ್ಜಿಯ ಪರಿಶೀಲನೆಗೆ ಕಾಲ ಹಿಡಿಯುತ್ತದೆ. ಈ ಕಾಯುವ ದಿನಗಳೇ ಆಲಿಸುವಿಕೆಗೆ ಯೋಗ್ಯವಾದ ದಿನಗಳು.

ಯಾವಾಗ, ಎಲ್ಲಿ ಕೇಳಬೇಕು

ನಮ್ಮ ಹಿರಿಯರಿಗೆ ಕಿರುತರಂಗ ಹೊಸದಲ್ಲ. ಮಾರ್ಕೋನಿ ನಿರ್ಮಿಸಿದ ವ್ಯಾಟಿಕನ್ ರೇಡಿಯೋವನ್ನು ಪೋಪ್ ಹನ್ನೊಂದನೆಯ ಪಿಯುಸ್ ಅವರು 1931 ರ ಫೆಬ್ರವರಿ 12 ರಂದು ಉದ್ಘಾಟಿಸಿದ್ದು ಕಿರುತರಂಗದಲ್ಲಿಯೇ. ಹಳೆಯ ವಾಲ್ವ್ ರೇಡಿಯೋಗಳ ಮುಂದೆ ಕುಳಿತು ದೂರದ ನಿಲಯಗಳನ್ನು ಕೇಳಿದವರಿಗೆ, ಧ್ವನಿ ಅಲೆಯಂತೆ ಏರಿ ಇಳಿಯುವುದು, ನಡುನಡುವೆ ಚಟಪಟ ಸದ್ದು ಬರುವುದು ಇವೆಲ್ಲ ಪರಿಚಿತವೇ. ಆದರೆ ಆ ರೇಡಿಯೋದಲ್ಲಿ ಹ್ಯಾಮ್‌ಗಳ ಮಾತು ಬಾತುಕೋಳಿಯ ಕೂಗಿನಂತೆ ಕೇಳಿಸುತ್ತದೆ. ಇದು ದೋಷವಲ್ಲ. ಹ್ಯಾಮ್‌ಗಳು ಶಕ್ತಿಯನ್ನೂ ಸ್ಥಳವನ್ನೂ ಉಳಿಸಲು ಅಲೆಯ ಒಂದು ಪಾರ್ಶ್ವವನ್ನು ಮಾತ್ರ ಕಳುಹಿಸುತ್ತಾರೆ. ತಿರಸ್ಕರಿಸಿದ ಭಾಗವನ್ನು ಗ್ರಾಹಕ ಯಂತ್ರವೇ ಮರಳಿ ಸೇರಿಸಿಕೊಳ್ಳಬೇಕು. ಈ ಸೌಲಭ್ಯವನ್ನು ‘ಎಸ್‌ಎಸ್‌ಬಿ’ ಎಂದು ಗುರುತಿಸಿರುತ್ತಾರೆ. ರೇಡಿಯೋ ಕೊಳ್ಳುವಾಗ ಅದಿದೆಯೇ ಎಂದು ವಿಚಾರಿಸಬೇಕು. ಇದ್ದರೂ ಗುಂಡಿಯನ್ನು ಅತಿ ನಿಧಾನವಾಗಿ ತಿರುಗಿಸಬೇಕು. ಕೂದಲೆಳೆಯಷ್ಟು ಜರುಗಿದರೂ ಮಾತು ಕೀರಲಾಗುತ್ತದೆ ಅಥವಾ ಗೊಗ್ಗರಾಗುತ್ತದೆ.

ಕೇಳುವ ವೇಳೆಯೂ ಮುಖ್ಯ. ನೆಲದಿಂದ ಬಹಳ ಮೇಲಿರುವ ಅಯಾನುಗೋಳವೆಂಬ ಪದರಗಳು ಕಿರುತರಂಗಗಳನ್ನು ಬಾಗಿಸಿ ಭೂಮಿಗೆ ಮರಳಿಸುತ್ತವೆ. ಹಗಲಿನಲ್ಲಿ ಅದರ ಕೆಳಪದರವು ಕಡಿಮೆ ಕಂಪನಾಂಕದ ಅಲೆಗಳನ್ನು ಹೀರಿಕೊಳ್ಳುತ್ತದೆ. ರಾತ್ರಿ ಆ ಪದರ ಮಾಯವಾಗುತ್ತದೆ. ಆದುದರಿಂದ 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹಗಲು ಕೆಲವು ನೂರು ಕಿಲೋಮೀಟರ್ ದೂರದ ಮಾತು, ರಾತ್ರಿ ಖಂಡಾಂತರದ ಮಾತು ಕೇಳಿಸುತ್ತದೆ. ಮುಂಜಾನೆ ಇದೇ ಪಟ್ಟಿಯಲ್ಲಿ ದಕ್ಷಿಣ ಭಾರತದ ಹ್ಯಾಮ್‌ಗಳು ಒಬ್ಬರನ್ನೊಬ್ಬರು ಮಾತನಾಡಿಸುವುದುಂಟು; ಹೊಸಬರಿಗೆ ಕಿವಿ ಪಳಗಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. 14 ಮೆಗಾಹರ್ಟ್ಸ್ ಪಟ್ಟಿಯಾದರೋ ಹಗಲಿನಲ್ಲಿ ದೂರದೇಶಗಳಿಗೆ ತೆರೆದಿರುತ್ತದೆ. 144 ಮೆಗಾಹರ್ಟ್ಸ್‌ನಿಂದ ಮೇಲಿನ ಅಲೆಗಳು ಬಹುತೇಕ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡಬಂದರೆ ತಡೆಯಾಗುತ್ತದೆ. ನಮ್ಮ ಕರಾವಳಿಗೂ ಘಟ್ಟದ ಮೇಲಿನ ಊರುಗಳಿಗೂ ಆ ಅಲೆಗಳಲ್ಲಿ ಮಾತು ಬೆಳೆಯಬೇಕಾದರೆ ಎತ್ತರದಲ್ಲಿ ಮರುಪ್ರಸಾರ ಯಂತ್ರವಿರಬೇಕಾಗುತ್ತದೆ.

ಅಂಗಳದ ತಂತಿ

ಕೇಳುವ ಯಂತ್ರಕ್ಕಿಂತ ಹೊರಗಿನ ಆಂಟೆನಾ ಹೆಚ್ಚು ಬೆಲೆಯುಳ್ಳದ್ದು. ಆದರೆ ಅದಕ್ಕೆ ತಗಲುವ ಖರ್ಚು ಕಡಿಮೆ. ಆರಂಭಿಕರಿಗೆ ಉತ್ತಮವಾದುದು ನಡುವೆ ಕಡಿದು ಎರಡು ತೋಳುಗಳಾಗಿ ಕಟ್ಟಿದ ತಾಮ್ರದ ತಂತಿ. ಅದನ್ನು ಡೈಪೋಲ್ ಎನ್ನುತ್ತಾರೆ. ಉದ್ದದ ಲೆಕ್ಕ ಸುಲಭ. 143 ನ್ನು ಮೆಗಾಹರ್ಟ್ಸ್‌ನಲ್ಲಿ ಹೇಳಿದ ಕಂಪನಾಂಕದಿಂದ ಭಾಗಿಸಿದರೆ ಮೀಟರ್‌ಗಳಲ್ಲಿ ಉದ್ದ ದೊರೆಯುತ್ತದೆ. 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ 14 ಸೆಂಟಿಮೀಟರ್. ಅಂದರೆ ಒಂದೊಂದು ತೋಳು 10 ಮೀಟರಿಗೆ ತುಸು ಹೆಚ್ಚು. ಕತ್ತರಿಸುವಾಗ ಸ್ವಲ್ಪ ಉದ್ದವಾಗಿಯೇ ಬಿಟ್ಟು, ಆಮೇಲೆ ತುದಿಯನ್ನು ಹಿಡಿತಕ್ಕೆ ತರುವುದು ಜಾಣತನ.

ಎರಡು ತೆಂಗಿನ ಮರಗಳ ನಡುವೆ ನೈಲಾನ್ ಹಗ್ಗ ಹಾಗೂ ಪಿಂಗಾಣಿ ಅಥವಾ ಪ್ಲಾಸ್ಟಿಕ್ ಅವಾಹಕಗಳಿಂದ ನಾವು ಇದನ್ನು ಕಟ್ಟಿದೆವು. ಗಾಳಿಗೆ ಮರ ತೂಗುವುದರಿಂದ ತಂತಿಯನ್ನು ಬಿಗಿಯಾಗಿ ಎಳೆಯದೆ ತುಸು ಸಡಿಲ ಬಿಟ್ಟಿರಬೇಕು. ವಿದ್ಯುತ್ ತಂತಿಯ ಸಮೀಪದಲ್ಲಿ, ಅದರ ಮೇಲೆ ಅಥವಾ ಕೆಳಗೆ ಹಾದುಹೋಗುವಂತೆ ಎಂದಿಗೂ ಆಂಟೆನಾ ಕಟ್ಟಬಾರದು. ಹಗ್ಗ ತುಂಡಾಗಿ ತಂತಿ ಬಿದ್ದರೆ ಎಲ್ಲಿ ಬೀಳುತ್ತದೆಂದು ಮೊದಲೇ ಯೋಚಿಸಿರಬೇಕು. ಪ್ರಾಣಾಪಾಯಕ್ಕೆ ಕಾರಣವಾಗುವ ತಪ್ಪುಗಳಲ್ಲಿ ಇದು ಮೊದಲನೆಯದು.

ತಗ್ಗಿನಲ್ಲಿ ಕಟ್ಟಿದ ಡೈಪೋಲ್ ಅಲೆಗಳನ್ನು ಹೆಚ್ಚಾಗಿ ಮೇಲ್ಮುಖವಾಗಿ ಕಳುಹಿಸುತ್ತದೆ ಮತ್ತು ಮೇಲಿನಿಂದ ಇಳಿಯುವ ಅಲೆಗಳನ್ನೇ ಚೆನ್ನಾಗಿ ಹಿಡಿಯುತ್ತದೆ. ಇದು ಕೊರತೆಯೆಂದು ಬೇಸರಿಸಬೇಕಾಗಿಲ್ಲ. ಹತ್ತಿರದ ಜಿಲ್ಲೆಗಳೊಂದಿಗೆ ಮತ್ತು ನೆರೆರಾಜ್ಯಗಳೊಂದಿಗೆ ಸಂಪರ್ಕಕ್ಕೆ ಅದುವೇ ಅನುಕೂಲ.

ಸಂಜೆಯ ಸದ್ದು

ಹೀಗೆ ಎಲ್ಲವೂ ಸಿದ್ಧವಾಗಿ, ಮುಂಜಾನೆ ನಾಲ್ಕಾರು ಮಾತುಗಳನ್ನು ಸ್ಪಷ್ಟವಾಗಿ ಕೇಳಿದ ಮಗಳು ಹಿಗ್ಗಿದಳು. ಆದರೆ ಸಂಜೆಯಾಗುತ್ತಲೇ ರೇಡಿಯೋ ತುಂಬ ಜೇನುಗೂಡಿನ ಗುಂಯ್‌ಗುಡುವ ಸದ್ದು. ಮಾತನಾಡುವವರಲ್ಲಿ ಬಲಿಷ್ಠರು ಮಾತ್ರ ಕೇಳಿಸುತ್ತಿದ್ದರು. ಒಂದು ಸಂಜೆ ಮೂರು ಮಂದಿ ನಾಲ್ಕನೆಯವನೊಬ್ಬನೊಡನೆ ಮಾತನಾಡುತ್ತಿದ್ದುದನ್ನು ನಾವು ಕೇಳಿದೆವು. ಆತ ಬ್ಯಾಟರಿಯಿಂದ ನಡೆಯುವ 5 ವಾಟ್‌ನ ಯಂತ್ರದಲ್ಲಿ ಮಾತನಾಡುತ್ತಿದ್ದಾನೆಂದು ಅವರ ಮಾತಿನಿಂದ ತಿಳಿಯಿತು. ಅವನ ಉತ್ತರಕ್ಕಾಗಿ ಅವರು ಸುಮ್ಮನಾದಾಗಲೆಲ್ಲ ನಮಗೆ ಕೇಳಿಸಿದ್ದು ಗುಂಯ್ ಎಂಬ ಸದ್ದು ಮಾತ್ರ.

ಮೊದಲು ರೇಡಿಯೋವನ್ನೇ ಶಂಕಿಸಿ ದುರಸ್ತಿಯವರ ಬಳಿಗೆ ಒಯ್ದೆವು. ಯಂತ್ರದಲ್ಲಿ ಲೋಪವಿಲ್ಲವೆಂದರು. ಅಲ್ಲಿಗೆ ಹೋಗುವ ಮುನ್ನ ನಾವೇ ಮಾಡಬಹುದಾಗಿದ್ದ ಒಂದು ಪರೀಕ್ಷೆಯಿತ್ತು. ಆಂಟೆನಾದ ತಂತಿಯನ್ನು ಕಳಚಿದಾಗ ಸದ್ದು ಹಾಗೆಯೇ ಉಳಿದರೆ ದೋಷ ಯಂತ್ರದಲ್ಲಿ ಅಥವಾ ಅದಕ್ಕೆ ವಿದ್ಯುತ್ ಒದಗಿಸುವ ಸಾಧನದಲ್ಲಿದೆ. ಸದ್ದು ಅಡಗಿದರೆ ಅದು ಆಂಟೆನಾದ ದಾರಿಯಾಗಿ ಹೊರಗಿನಿಂದ ಬರುತ್ತಿದೆ. ನಮ್ಮಲ್ಲಿ ತಂತಿ ಕಳಚಿದೊಡನೆ ಸದ್ದು ಅಡಗಿತು.

ಆ ಬಳಿಕ ಭಾನುವಾರ ಪೂಜೆ ಮುಗಿಸಿ ಬಂದು, ರೇಡಿಯೋವನ್ನು ಬ್ಯಾಟರಿಗೆ ಜೋಡಿಸಿ, ಮನೆಯವರಿಗೆಲ್ಲ ತಿಳಿಸಿ, ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿದೆವು. ಸದ್ದು ತುಸುವೇ ಇಳಿಯಿತು. ಮತ್ತೆ ಒಂದೊಂದೇ ವಸ್ತುವನ್ನು ಹಚ್ಚುತ್ತ ಬಂದಾಗ ಮೊಬೈಲ್ ಚಾರ್ಜರ್ ಮತ್ತು ಇಂಟರ್‌ನೆಟ್ ಪೆಟ್ಟಿಗೆಯ ಅಡಾಪ್ಟರ್ ಸಣ್ಣ ಪುಟ್ಟ ಸದ್ದು ಮಾಡುವುದು ಗೊತ್ತಾಯಿತು. ಆದರೆ ಸಂಜೆಯ ಗುಂಯ್‌ಕಾರ ಮಾತ್ರ ಹಾಗೆಯೇ ಮರಳಿತು. ಬೀದಿಯ ವಿದ್ಯುತ್ ಕಂಬವೇ ಕಾರಣವೆಂದು ನಾನು ನಿರ್ಧರಿಸಿ, ದೂರು ಬರೆಯಲು ಕಾಗದವನ್ನೂ ತೆಗೆದುಕೊಂಡೆ.

ಅದನ್ನು ತಡೆದವರು ಮನೆಯ ಅಜ್ಜಿ. “ನಾವು ತೇರ್ಸಿಗೆ ದೀಪ ಹಾಕಿದ ಮೇಲಲ್ಲವಾ ಮಗಾ ನಿಮ್ಮ ಆ ಸದ್ದು ಶುರುವಾಗುವುದು? ಮಲಗುವಾಗ ನಾನು ದೀಪ ಆರಿಸಿದರೆ ಅದೂ ನಿಲ್ಲುತ್ತದೆ,” ಎಂದರು.

ದೇವರ ಪೀಠದ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರದ ಸುತ್ತ ಕಳೆದ ಕ್ರಿಸ್ಮಸ್‌ನಿಂದ ಎಲ್‌ಇಡಿ ದೀಪಗಳ ಸರವೊಂದು ಹೊಳೆಯುತ್ತಿದೆ. ಸಂಜೆಯ ಜಪಸರಕ್ಕೆ ಅದನ್ನು ಹಚ್ಚುತ್ತೇವೆ. ಮಲಗುವಾಗ ಅಜ್ಜಿ ಆರಿಸುತ್ತಾರೆ. ಮಗಳು ಓಡಿಹೋಗಿ ಪ್ಲಗ್ ಕಿತ್ತಳು. ಆ ಕ್ಷಣಕ್ಕೇ ಗುಂಯ್‌ಕಾರ ನಿಂತಿತು. ಮತ್ತೆ ಹಚ್ಚಿದಳು, ಮರಳಿ ಬಂತು. ಭಾನುವಾರ ಹಗಲಿನಲ್ಲಿ ನಾವು ಮಾಡಿದ ಪರೀಕ್ಷೆಯಲ್ಲಿ ಇದು ಸಿಕ್ಕದಿರಲು ಕಾರಣ ಸರಳ: ಆಗ ಆ ದೀಪ ಉರಿಯುತ್ತಲೇ ಇರಲಿಲ್ಲ. ಸದ್ದು ಇರುವ ಹೊತ್ತಿನಲ್ಲಿಯೇ ಸದ್ದನ್ನು ಹುಡುಕಬೇಕೆಂಬ ಸಣ್ಣ ವಿವೇಕವೂ ನಮಗೆ ಹೊಳೆದಿರಲಿಲ್ಲ.

ಸದ್ದು ಹುಟ್ಟುವ ಬಗೆ

ಇಷ್ಟು ಸಣ್ಣ ದೀಪ ಇಷ್ಟು ಉಪಟಳ ನೀಡುವುದೇಕೆ? ಇಂದಿನ ಹಗುರವಾದ ಅಡಾಪ್ಟರ್‌ಗಳು 230 ವೋಲ್ಟ್ ವಿದ್ಯುತ್ತನ್ನು ಕೆಲವೇ ವೋಲ್ಟ್‌ಗಳಿಗೆ ಇಳಿಸಲು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತವೆ. ಪ್ರತಿಯೊಂದು ಕಡಿತವೂ ಒಂದು ಪುಟ್ಟ ರೇಡಿಯೋ ಕಂಪನವನ್ನು ಎಬ್ಬಿಸುತ್ತದೆ. ಅದರ ಗುಣಕಗಳು ಮೆಗಾಹರ್ಟ್ಸ್‌ಗಳವರೆಗೂ ಏರುತ್ತವೆ. ಅವು ಹೊರಬೀಳದಂತೆ ತಡೆಯುವ ಸೋಸುಭಾಗವನ್ನು ಒಳ್ಳೆಯ ತಯಾರಕರು ಅಳವಡಿಸುತ್ತಾರೆ. ಬೆಲೆ ಇಳಿಸಲು ಕೆಲವರು ಕೈಬಿಡುತ್ತಾರೆ. ಆಗ ದೀಪದ ಸರವೂ ಮನೆಯ ಗೋಡೆಯೊಳಗಿನ ತಂತಿಗಳೂ ಸೇರಿ ಆ ಸದ್ದನ್ನು ಹೊರಗೆ ಬೀರುವ ಆಂಟೆನಾಗಳಾಗುತ್ತವೆ. ಎಲ್‌ಇಡಿ ಬಲ್ಬು, ಇನ್ವರ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಸೌರಫಲಕದ ಪರಿವರ್ತಕ ಇವೆಲ್ಲ ಇದೇ ಸಂತತಿಯವು.

ಪರಿಹಾರ ಮೂರು ಬಗೆಯದು. ಮೊದಲನೆಯದು, ಸದ್ದುಮಾಡುವ ವಸ್ತುವನ್ನೇ ಬದಲಾಯಿಸುವುದು. ನಾವು ದೀಪದ ಸರಕ್ಕೆ, ಒಳಗೆ ಕಬ್ಬಿಣದ ತಿರುಳಿರುವ ಹಳೆಯ ಭಾರವಾದ ಟ್ರಾನ್ಸ್‌ಫಾರ್ಮರ್ ಅಡಾಪ್ಟರನ್ನು ಅದೇ ವೋಲ್ಟೇಜಿಗೆ ನೋಡಿ ಜೋಡಿಸಿದೆವು. ಎರಡನೆಯದು, ಫೆರೈಟ್ ಎಂಬ ಕಪ್ಪು ಉಂಗುರ. ಬದಲಾಯಿಸಲಾಗದ ವಸ್ತುವಿನ ತಂತಿಯನ್ನು ಅದರ ಮೂಲಕ ಎಂಟು ಹತ್ತು ಸುತ್ತು ಸುತ್ತಿದರೆ, ತಂತಿಯ ಮೈಮೇಲೆ ಹರಿಯುವ ರೇಡಿಯೋ ಸದ್ದು ಅಲ್ಲಿಗೇ ತಡೆಯಲ್ಪಡುತ್ತದೆ. 7 ಮೆಗಾಹರ್ಟ್ಸ್‌ನಂತಹ ಕಡಿಮೆ ಕಂಪನಾಂಕದಲ್ಲಿ ತಂತಿ ಒಂದೇ ಸಲ ಹಾದುಹೋದರೆ ಹೆಚ್ಚಿನ ಪ್ರಯೋಜನವಿಲ್ಲ, ಸುತ್ತುಗಳು ಬೇಕು. ಮೂರನೆಯದು, ಆಂಟೆನಾವನ್ನು ಮನೆಯಿಂದ ಆದಷ್ಟು ದೂರ ಸರಿಸುವುದು ಮತ್ತು ಅದರಿಂದ ರೇಡಿಯೋಗೆ ಬರುವ ಕೇಬಲನ್ನೂ ಮನೆಯೊಳಗೆ ಪ್ರವೇಶಿಸುವ ಮುನ್ನ ಅಂಥದೇ ಉಂಗುರದ ಮೂಲಕ ಸುತ್ತಿ ತರುವುದು.

ಇದರಿಂದ ಆದ ಲಾಭವನ್ನು ಅಂಕಿಗಳಲ್ಲಿಯೂ ಹೇಳಬಹುದು. ಹ್ಯಾಮ್ ರೇಡಿಯೋಗಳಲ್ಲಿ ಧ್ವನಿಯ ಬಲವನ್ನು ತೋರಿಸುವ ಎಸ್-ಮೀಟರ್ ಎಂಬ ಮಾಪಕವಿದೆ. ಅದರ ಒಂದು ಅಂಕೆಯ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. ನಮ್ಮಲ್ಲಿ 8 ರಲ್ಲಿದ್ದ ಸದ್ದು 6 ಕ್ಕೆ ಇಳಿಯಿತು. ಎರಡು ಅಂಕೆಗಳೆಂದರೆ ಹದಿನಾರು ಪಟ್ಟು. ಅಂದರೆ 5 ವಾಟ್‌ನ ಆ ಸಣ್ಣ ಯಂತ್ರವನ್ನು 80 ವಾಟ್‌ಗೆ ಏರಿಸಿದರೆ ಸಿಗುತ್ತಿದ್ದ ಸ್ಪಷ್ಟತೆ ನಮಗೆ ಒಂದು ಪ್ಲಗ್ ಕಿತ್ತದ್ದರಿಂದ ದೊರಕಿತು. ಮಾತನಾಡುವವನು ತನ್ನ ಬ್ಯಾಟರಿಯನ್ನು ಹದಿನಾರು ಪಟ್ಟು ಹೆಚ್ಚಿಸಲಾರ. ಕೇಳುವವನು ತನ್ನ ಮನೆಯ ಸದ್ದನ್ನು ತಗ್ಗಿಸಬಲ್ಲ.

ಇನ್ನಿತರ ತೊಂದರೆಗಳು

ಎಲ್ಲ ತೊಂದರೆಯೂ ಅಡಾಪ್ಟರಿನದಲ್ಲ. ಆಂಟೆನಾ ಜೋಡಿಸಿದಾಗ ರೇಡಿಯೋದ ಸಹಜವಾದ ಸುಯ್ಯೆಂಬ ಸದ್ದು ತುಸುವೂ ಏರದಿದ್ದರೆ ಕೇಬಲ್ ಎಲ್ಲೋ ತುಂಡಾಗಿದೆಯೆಂದು ತಿಳಿಯಬೇಕು. ಕರಾವಳಿಯಲ್ಲಿ ಉಪ್ಪುಗಾಳಿ ತಾಮ್ರದ ಬೆಸುಗೆಗಳನ್ನು ಬೇಗನೆ ಹಸಿರುಗಟ್ಟಿಸುತ್ತದೆ. ಮಳೆಗಾಲದಲ್ಲಿ ಕೇಬಲಿನ ತೆರೆದ ತುದಿಯಿಂದ ನೀರು ಒಳಗಿಳಿದರೆ ಆ ಕೇಬಲ್ ಕೆಟ್ಟಂತೆಯೇ. ಜೋಡಣೆಯ ಮೇಲೆ ನೀರು ಸೇರದಂತೆ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಿ, ಕೇಬಲನ್ನು ಮನೆಯೊಳಗೆ ತರುವ ಮುನ್ನ ಕೆಳಕ್ಕೊಂದು ಬಾಗು ಕೊಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಪ್ರತಿವರ್ಷ ಒಮ್ಮೆ ಎಲ್ಲ ಜೋಡಣೆಗಳನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಒಣಹವೆಯಲ್ಲಿ ಚಟಪಟಗುಟ್ಟಿ, ಮಳೆ ಬಂದೊಡನೆ ಮಾಯವಾಗುವ ಸದ್ದು ಹೆಚ್ಚಾಗಿ ವಿದ್ಯುತ್ ಕಂಬದ ಸಡಿಲ ಜೋಡಣೆಯದು. ಚಿಕ್ಕ ಬ್ಯಾಟರಿ ರೇಡಿಯೋವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದರೆ ಯಾವ ಕಂಬದ ಬಳಿ ಸದ್ದು ಹೆಚ್ಚುತ್ತದೆಂದು ತಿಳಿಯುತ್ತದೆ. ಕಂಬವನ್ನು ಮುಟ್ಟದೆ, ಅದರ ಸಂಖ್ಯೆಯನ್ನು ಬರೆದುಕೊಂಡು ವಿದ್ಯುತ್ ಕಚೇರಿಗೆ ವಿನಯದಿಂದ ತಿಳಿಸಬೇಕು. ಸಂಖ್ಯೆ, ವೇಳೆ, ಹವೆ ಇವುಗಳನ್ನು ನಮೂದಿಸಿದ ಪತ್ರಕ್ಕೆ ದೊರೆಯುವ ಗಮನ ಬರಿಯ ಆಕ್ಷೇಪಕ್ಕೆ ದೊರೆಯದು.

ಒಂದೇ ವೇಳೆ ಹಲವು ನಿಲಯಗಳು ಒಂದರ ಮೇಲೊಂದು ಬಿದ್ದಂತೆ ಎಲ್ಲೆಡೆಯೂ ಕೇಳಿಸಿದರೆ, ಬಲಿಷ್ಠವಾದ ಯಾವುದೋ ಪ್ರಸಾರ ಯಂತ್ರವನ್ನು ಮುಳುಗಿಸುತ್ತಿದೆ ಎಂದರ್ಥ. ಆಗ ರೇಡಿಯೋದ ಗ್ರಹಣಶಕ್ತಿಯನ್ನು ಕಡಿಮೆ ಮಾಡಬೇಕು. ಹೆಚ್ಚು ಕೇಳಬೇಕಾದರೆ ಗುಂಡಿಯನ್ನು ಇಳಿಸಬೇಕೆಂಬುದು ಹೊಸಬರಿಗೆ ವಿಚಿತ್ರವಾಗಿ ತೋರಿದರೂ ಅದು ಸತ್ಯ. ಧ್ವನಿ ನಿಧಾನವಾಗಿ ಏರಿ ಇಳಿಯುವುದಾದರೆ ಅದು ಅಯಾನುಗೋಳದ ಆಟ. ಅದಕ್ಕೆ ಔಷಧವಿಲ್ಲ, ಕಾಯಬೇಕು. ಸುಮಾರು 11 ವರ್ಷಗಳಿಗೊಮ್ಮೆ ಸೂರ್ಯನ ಕಲೆಗಳು ಹೆಚ್ಚಿ ತಗ್ಗುವುದಕ್ಕೆ ಅನುಸಾರವಾಗಿ ಕೆಲವು ಪಟ್ಟಿಗಳು ವರ್ಷಗಟ್ಟಲೆ ಜೀವಂತವಾಗಿಯೂ ವರ್ಷಗಟ್ಟಲೆ ನಿಸ್ತೇಜವಾಗಿಯೂ ಇರುತ್ತವೆ.

ಮುಂಗಾರಿಗೆ ಮುನ್ನ ಕೇಳಿಸುವ ಸಿಡಿಲಿನ ಚಟಾರ್ ಸದ್ದಾದರೋ ಎಚ್ಚರಿಕೆ. ಗುಡುಗು ಸಮೀಪಿಸಿದ ಮೇಲೆ ತಂತಿಗೆ ಕೈಹಚ್ಚಬಾರದು. ಅದಕ್ಕಿಂತ ಬಹಳ ಮೊದಲೇ ಆಂಟೆನಾದ ಕೇಬಲನ್ನು ಕಳಚಿ ಮನೆಯ ಹೊರಗೆ ಇಡುವುದನ್ನು ರೂಢಿಮಾಡಿಕೊಳ್ಳಬೇಕು. ನಮ್ಮಲ್ಲಿ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ರೇಡಿಯೋ ಕೇಳಿ ಮುಗಿಸಿದೊಡನೆ ಕೇಬಲ್ ಕಳಚುವುದು ಮಗಳ ಪಾಲಿನ ಕರ್ತವ್ಯ.

ನೆರೆಹೊರೆ

ನಮ್ಮ ಮನೆಯ ಸದ್ದು ಅಡಗಿದ ಮೇಲೆ ನೆರೆಮನೆಯ ಸದ್ದು ಕೇಳಿಸತೊಡಗುವುದು ಸ್ವಾಭಾವಿಕ. ಇಲ್ಲಿ ವಿಜ್ಞಾನಕ್ಕಿಂತ ನಯ ಹೆಚ್ಚು ಬೇಕಾಗುತ್ತದೆ. “ನಿಮ್ಮ ದೀಪದಿಂದ ನಮಗೆ ಉಪದ್ರವ” ಎಂದು ಬಾಗಿಲಲ್ಲಿ ನಿಂತು ಹೇಳಿದರೆ ಕೆಲಸ ಕೆಡುತ್ತದೆ. ಅವರನ್ನೇ ಮನೆಗೆ ಕರೆದು, ಚಾ ಕೊಟ್ಟು, ರೇಡಿಯೋ ಕೇಳಿಸಿ, ಉಂಗುರವನ್ನು ನಮ್ಮ ಖರ್ಚಿನಲ್ಲಿಯೇ ಹಾಕಿಕೊಡುವೆವೆಂದರೆ ಒಲ್ಲೆನ್ನುವವರು ವಿರಳ. ಮುಂದೆ ಪರವಾನಗಿ ಬಂದು ನಾವು ಪ್ರಸಾರ ಆರಂಭಿಸಿದಾಗ ನಮ್ಮ ಅಲೆಗಳಿಂದ ಅವರ ಟಿ.ವಿ. ಅಥವಾ ಸ್ಪೀಕರಿನಲ್ಲಿ ಗೊರಗೊರ ಸದ್ದು ಬರಬಹುದು. ಆಗ ಅವರು ನಮ್ಮ ಬಾಗಿಲಿಗೆ ಬರುತ್ತಾರೆ. ಇಂದು ನಾವು ತೋರಿದ ಸೌಜನ್ಯವೇ ಅಂದು ನಮಗೆ ಮರಳುತ್ತದೆ. ಶಕ್ತಿಯನ್ನು ಕಡಿಮೆ ಮಾಡಿ ದೋಷ ತಿದ್ದುವುದು ಆಗ ನಮ್ಮ ಹೊಣೆ.

ಯಾರಿಗಾಗಿ ಈ ಶ್ರಮ

ಬೆರಳ ತುದಿಯಲ್ಲಿ ದೂರವಾಣಿಯಿರುವ ಕಾಲದಲ್ಲಿ ಇಷ್ಟೆಲ್ಲ ಏಕೆಂದು ಕೇಳುವವರಿದ್ದಾರೆ. 2004 ರ ಡಿಸೆಂಬರ್‌ನಲ್ಲಿ ದೆಹಲಿಯ ಭಾರತಿ ಪ್ರಸಾದ್ ಅವರ ನೇತೃತ್ವದ ಹ್ಯಾಮ್‌ಗಳ ತಂಡವೊಂದು ಅಂಡಮಾನಿನ ಪೋರ್ಟ್‌ಬ್ಲೇರ್‌ನಲ್ಲಿ ನಿಲಯ ತೆರೆದಿತ್ತು. ಹಲವು ವರ್ಷಗಳಿಂದ ಹ್ಯಾಮ್‌ಗಳ ಸದ್ದಿಲ್ಲದ ಆ ದ್ವೀಪಗಳೊಡನೆ ಜಗತ್ತಿನ ಹವ್ಯಾಸಿಗಳು ಮಾತನಾಡಲೆಂಬುದೇ ಅದರ ಉದ್ದೇಶ. ಡಿಸೆಂಬರ್ 26 ರ ಮುಂಜಾನೆ ಸುನಾಮಿ ಅಪ್ಪಳಿಸಿತು. ದೂರವಾಣಿ ಸಂಪರ್ಕ ಕಡಿದುಹೋದ ಆ ವೇಳೆಯಲ್ಲಿ ಹವ್ಯಾಸವನ್ನು ಬದಿಗಿಟ್ಟ ಈ ತಂಡ ಬಂಧುಗಳ ಕ್ಷೇಮ ಸಮಾಚಾರವನ್ನೂ ಪರಿಹಾರ ಕಾರ್ಯದ ಸಂದೇಶಗಳನ್ನೂ ಮುಖ್ಯಭೂಮಿಗೆ ದಾಟಿಸಿತು. ದಾಟಿಸಲು ಸಾಧ್ಯವಾದುದು ಈ ಕಡೆ ಕಿವಿಗೊಟ್ಟು ಕುಳಿತವರಿದ್ದುದರಿಂದ. ಆಪತ್ತಿನ ಕಾಲದಲ್ಲಿ ಕರೆಯುವವನ ಬಳಿ ದೊಡ್ಡ ಯಂತ್ರವಿರುವುದಿಲ್ಲ. ಒಂದು ಬ್ಯಾಟರಿ, ಎಲ್ಲೋ ಎಳೆದು ಕಟ್ಟಿದ ತಂತಿ ಇಷ್ಟೇ ಇರುತ್ತದೆ. ಅವನ ಧ್ವನಿ ನಮ್ಮ ಮನೆಯ ಅಲಂಕಾರದ ದೀಪದ ಸದ್ದಿನಲ್ಲಿ ಮುಳುಗಿಹೋದರೆ ಅದು ಅವನ ತಪ್ಪಾಗುವುದಿಲ್ಲ.

ನಮ್ಮ ಧರ್ಮಕೇಂದ್ರಗಳ ಯುವ ಸಂಘಟನೆಗಳೂ ಶಾಲೆಗಳ ವಿಜ್ಞಾನ ಸಂಘಗಳೂ ಈ ಹವ್ಯಾಸದತ್ತ ಗಮನ ಹರಿಸಿದರೆ ಒಳ್ಳೆಯದು. ನಾಲ್ಕಾರು ಮಕ್ಕಳು ಜೊತೆಗೂಡಿ ಒಂದು ಗ್ರಾಹಕ ಯಂತ್ರ, ಒಂದು ತಂತಿ, ಒಂದು ದಿನಚರಿ ಪುಸ್ತಕ ಇಟ್ಟುಕೊಂಡು ಆರಂಭಿಸಬಹುದು. ಕೇಳಿದ ಕರೆಸಂಕೇತ, ವೇಳೆ, ಕಂಪನಾಂಕ, ಧ್ವನಿಯ ಬಲ, ಅಂದಿನ ಹವೆ ಇವಿಷ್ಟನ್ನು ಪ್ರತಿದಿನ ಬರೆದಿಡಬೇಕು. ಹಾಗೆ ಬರೆದಿಟ್ಟಿದ್ದರೆ ಸದ್ದು ಜಪಸರದ ಹೊತ್ತಿಗೇ ಆರಂಭವಾಗುವುದನ್ನು ಅಜ್ಜಿ ಹೇಳುವ ಮೊದಲೇ ನಾವು ಕಂಡುಕೊಳ್ಳುತ್ತಿದ್ದೆವು. ಸಮೀಪದ ನಗರದಲ್ಲಿ ಅನುಭವಿ ಹ್ಯಾಮ್ ಇದ್ದರೆ ಅವರನ್ನು ಭೇಟಿಯಾಗಲು ಸಂಕೋಚಪಡಬೇಕಾಗಿಲ್ಲ. ಹೊಸಬರಿಗೆ ಕಲಿಸುವುದು ಈ ಬಳಗದ ಹಳೆಯ ಸಂಪ್ರದಾಯ.

ದೀಪದ ಅಡಾಪ್ಟರ್ ಬದಲಾಯಿಸಿದ ನಾಲ್ಕನೆಯ ಸಂಜೆ ಅದೇ ಮೂವರು ಮತ್ತೆ ಮಾತಿಗಿಳಿದರು. ಅವರು ಸುಮ್ಮನಾದಾಗ, ಸುಯ್ಯೆಂಬ ಸದ್ದಿನ ಅಂಚಿನಲ್ಲಿ, ತೆಳುವಾಗಿಯಾದರೂ ಸ್ಪಷ್ಟವಾಗಿ ನಾಲ್ಕನೆಯವನ ಧ್ವನಿ ಬಂತು. ತನ್ನ ಊರಿನಲ್ಲಿ ಮಳೆಯೆಂದೂ ವಿದ್ಯುತ್ ಇಲ್ಲವೆಂದೂ ಆತ ಹೇಳುತ್ತಿದ್ದ. ಮಗಳು ಅವನ ಕರೆಸಂಕೇತವನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅವಳ ಪರೀಕ್ಷೆ ಇನ್ನೂ ಮುಂದಿದೆ. ಪರವಾನಗಿ ದೊರೆತ ದಿನ ಮೊದಲ ಕರೆ ಅವನಿಗೇ ಎಂದು ಅವಳು ನಿಶ್ಚಯಿಸಿದ್ದಾಳೆ. ಪೀಠದ ಮೇಲಿನ ದೀಪ ಎಂದಿನಂತೆ ಸಂಜೆ ಉರಿಯುತ್ತಿದೆ. ಅದನ್ನು ಹಚ್ಚಿದ ಮೇಲೆ ಅಜ್ಜಿ ಒಮ್ಮೆ ರೇಡಿಯೋದ ಕಡೆಗೆ ಕಿವಿಗೊಟ್ಟು, ಸದ್ದಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಜಪಸರ ಆರಂಭಿಸುತ್ತಾರೆ.